ಪೆಪ್ಪರಮೆಂಟು ಮಾಮನ ಮಾತಾಡುವ ತಟ್ಟೆ

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಗುಬ್ಬಿಗೆ,

ಅಕ್ಕನ ನೆನಪುಗಳು. ನೀನು, ನಿನ್ನ ಮಹಾಶಯರು, ಮಕ್ಕಳಿಬ್ಬರು ಎಲ್ಲ ಕ್ಷೇಮವೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಕ್ಷೇಮವಿಲ್ಲದಿದ್ದರೆ ನೀನು ಇಷ್ಟರಲ್ಲಿ ಫೋನ್ ಮಾಡಿ ಅತ್ತು ಮೂಗು ಒರೆಸಿಕೊಂಡಾಗಿರುತ್ತಿತ್ತು. ಕಾಗದ ತಡವಾಯಿತು, ಬೈದುಕೋ. ಪ್ರೆಸ್ಸಿನಲ್ಲಿ ಈಗ ಕೈತುಂಬ ಕೆಲಸ, ಊರಿನ ಜನ ಸಾಲುಗಟ್ಟಿ ನಿವೃತ್ತರಾಗುವ ಕಾಲ. ಹಾರೈಕೆ ಕಾರ್ಡುಗಳಿಗೆ ಪದ್ಯ ಹೊಸೆದು ಹೊಸೆದು ನನ್ನ ತಲೆಯಲ್ಲಿ ಪ್ರಾಸ ಬಿಟ್ಟು ಬೇರೇನೂ ಉಳಿದಿಲ್ಲ. ಹೋದ ವಾರದ್ದು ಕೇಳು: ‘ಅರವತ್ತಾಯಿತು ಸಾಹೇಬರಿಗೆ, ವಿಶ್ರಾಂತಿ ಇನ್ನು ಕುರ್ಚಿಗೆ.’ ನಮ್ಮ ಪ್ರೆಸ್ಸಿನ ಯಜಮಾನರು ಕನ್ನಡಕ ಏರಿಸಿಕೊಂಡು, “ಕುರ್ಚಿಗ್ಯಾಕಮ್ಮ ವಿಶ್ರಾಂತಿ? ಸಾಹೇಬರಿಗಲ್ವಾ?” ಅಂದರು. “ಸಾಹೇಬರು ಮೂವತ್ತು ವರ್ಷದಿಂದ ವಿಶ್ರಾಂತೀಲೇ ಇದಾರೆ ಸಾರ್” ಅಂದೆ. ಅಚ್ಚಿಗೆ ಹೋಗಲಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳಲು ನೀನೆಲ್ಲಿ ಬಿಡುತ್ತೀಯ? ನಾನು “ಏನಾಯ್ತು ಅಂದ್ರೆ” ಅನ್ನುವಷ್ಟರಲ್ಲಿ ನಿನ್ನದು “ಗೊತ್ತು ಬಿಡಕ್ಕಾ” ಆಗಿರುತ್ತದೆ. ನನ್ನ ಮಾತು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರುವ ಪ್ರಾಣಿ ಕಾಗದ ಒಂದೇ.

ಈಗ ಸುದ್ದಿ. ನಮ್ಮ ಅಪ್ಪ ಪ್ರಸಿದ್ಧರಾಗಿದ್ದಾರೆ. ತೀರಿಕೊಂಡ ಇಷ್ಟು ವರ್ಷಕ್ಕೆ. ತಡವೇನಲ್ಲ, ಒಳ್ಳೆಯ ಸಮಯವೇ. ಎದುರಿಗೆ ಬಂದು ತಾವಾಗಿಯೇ ಕೆಡಿಸಿಕೊಳ್ಳುವ ಭಯವಿಲ್ಲ.

ಹೋದ ತಿಂಗಳು ಒಬ್ಬ ಮನೆ ಹುಡುಕಿಕೊಂಡು ಬಂದ. ಮೂವತ್ತರ ಆಸುಪಾಸು. ಗಡ್ಡ ಉದ್ದ, ಪ್ಯಾಂಟು ಗಿಡ್ಡ, ಬಾಯಿಬಿಟ್ಟರೆ ‘ಮುಗ್ಧತೆ’ ಎಂಬ ಶಬ್ದ. ಹೆಸರು ಹೇಳಿದ, ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಚೀಲದಿಂದ ಬಿಳಿಯ ಕೈಗವಸು ತೆಗೆದು ತೊಟ್ಟುಕೊಂಡ, ಪುಟ್ಟ ಡಬ್ಬಿಯಿಂದ ಪ್ಲೇಯರಿನ ಸೂಜಿಯೊಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ಆಗಲೇ ನಾನು ಅವನಿಗೆ ಸೂಜಿರಾಯ ಎಂದು ಹೆಸರಿಟ್ಟುಬಿಟ್ಟೆ.

ಸೂಜಿರಾಯನ ಕಸುಬು ಹಳೆಯ ಕಾಲದ ಮಕ್ಕಳ ರೆಕಾರ್ಡುಗಳನ್ನು ಹುಡುಕುವುದಂತೆ. ಅದಕ್ಕೂ ಒಂದು ಕಸುಬು! ಗುಜರಿ ಅಂಗಡಿಯೊಂದರಲ್ಲಿ ನೀರಿನ ಡ್ರಮ್ಮಿನ ಮೇಲೆ ಮುಚ್ಚಳವಾಗಿ ಕೂತಿತ್ತಂತೆ ಅಪ್ಪನ ರೆಕಾರ್ಡು. ನನಗೆ ತಿಳಿದ ಮಟ್ಟಿಗೆ ಅದು ಯಾರದಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಇವನು ಅದನ್ನು ಡ್ರಮ್ಮಿನಿಂದ ಬಿಡಿಸಿ, ತೊಳೆದು, ಒರೆಸಿ, ಕೇಳಿ, ಅತ್ತನಂತೆ. ಅತ್ತೆ ಎಂದು ಅವನೇ ಹೇಳಿಕೊಂಡ, ಯಾರೂ ಕೇಳಿರಲಿಲ್ಲ.

“ಅಜ್ಜೀ, ನಿಮ್ಮ ಯಜಮಾನರು ಒಂದು ನಿಧಿ” ಅಂದ.

ಅಮ್ಮ ಹಿಂದೆ ತಿರುಗಿ ನೋಡಿ, “ಅಜ್ಜಿ ಯಾರು ಬಂದಿರೋದು?” ಅಂದಳು. ಎಪ್ಪತ್ತೆರಡು ತುಂಬಿದೆ ಅವಳಿಗೆ.

ಆಮೇಲೆ ಅವನು ಸೂಟ್‌ಕೇಸಿನಂಥ ಪ್ಲೇಯರು ಬಿಚ್ಚಿ ನಮ್ಮ ಊಟದ ಮೇಜಿನ ಮೇಲಿಟ್ಟು ತಟ್ಟೆ ತಿರುಗಿಸಿದ. ‘ಹಲ್ಲನು ಉಜ್ಜು ಗುಬ್ಬಚ್ಚಿ, ಹುಳುಕಿನ ಬಾಲ ಕೊಚ್ಚಚ್ಚಿ!’ ನೆನಪಾಯಿತೇ? ಕೊಚ್ಚಚ್ಚಿ ಎಂದರೆ ಏನು ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಪ್ರಾಸದ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವರು ಹಾಗೆ ಕೂಗುತ್ತಾರೆ. ಆದರೆ ಗಂಟಲು ಮಾತ್ರ, ಒಪ್ಪಬೇಕಾದ್ದೇ, ಬೆಣ್ಣೆ. ಇಡೀ ಮನೆ ತುಂಬಿಕೊಂಡಿತು. ಅಮ್ಮ ಗುಂಡಿ ಹೊಲಿಯುತ್ತಿದ್ದವಳು ದಾರ ಬಿಟ್ಟು ಕೇಳಿದಳು, ಕೇಳಿದಳು, ಕೊನೆಗೆ, “ಈ ಮನುಷ್ಯ ಇಷ್ಟೊಂದು ಮಾತಾಡ್ತಿದ್ರಾ?” ಅಂದಳು.

ಸೂಜಿರಾಯನಿಗೆ ಇತಿಹಾಸ ಬೇಕಂತೆ. ಕೊಟ್ಟೆ. ಹಗಲು ರೇಡಿಯೊ ಅಂಗಡಿಯ ಕೌಂಟರು. ಅಂಗಡಿ ಮುಚ್ಚಿದ ಮೇಲೆ ಅದರ ಹಿಂದಿನ ಗೋದಾಮಿನಲ್ಲಿ ರೆಕಾರ್ಡಿಂಗು. ಗೋಡೆಗೆ ಕಂಬಳಿ, ಕಿಟಕಿಗೆ ಹಾಸಿಗೆ, ಫ್ಯಾನಿಗೆ ರಜೆ. ಮುಂದಿನ ಬೀದಿಯಲ್ಲಿ ಒಂದು ಬಸ್ಸು ಹೋಗಿ ಇನ್ನೊಂದು ಬರುವಷ್ಟರಲ್ಲಿ ಒಂದು ಪದ್ಯ ಮುಗಿಯಬೇಕು, ಅದಕ್ಕೇ ಪದ್ಯಗಳೆಲ್ಲ ಅಷ್ಟು ಚಿಕ್ಕವು ಎಂದೆ. ಅವನು “ವಾವ್, ಎಂಥ ಮಿತವ್ಯಯದ ಸೌಂದರ್ಯ!” ಎಂದು ಗಡ್ಡ ನೀವಿಕೊಂಡ. ಬಸ್ಸಿನವರಿಗೆ ಹೇಳಬೇಕು, ಖುಷಿಪಟ್ಟಾರು.

ಮಗು ಮಲಗಿಸುವ ರೆಕಾರ್ಡಿನ ಕಥೆಯನ್ನೂ ಹೇಳಿದೆ. ಲಾಲಿ ಉದ್ದವಾಗಿ ಒಂದು ಮಗ್ಗುಲಲ್ಲಿ ಹಿಡಿಸದೆ, ಅರ್ಧ ಲಾಲಿ ಈ ಕಡೆ, ಅರ್ಧ ಆ ಕಡೆ. ಮಗು ಈಗಷ್ಟೇ ಕಣ್ಣು ಮುಚ್ಚುತ್ತಿರುವಾಗ ತಟ್ಟೆ ನಿಂತು ಟಕ್ ಎನ್ನಬೇಕು, ತಾಯಿ ಎದ್ದು ಮಗುಚಿ ಹಾಕಬೇಕು, ಆ ಸದ್ದಿಗೆ ಮಗು ಎದ್ದು ಕೂರಬೇಕು. ಅಂಗಡಿಗೆ ಅಷ್ಟೂ ವಾಪಸು ಬಂದವು. ಇನ್ನು ನಗೆ ರೆಕಾರ್ಡು: ಎರಡೂ ಕಡೆ ಬರೀ ನಗು, ಪೊಲೀಸಿನವನ ನಗು, ಡಾಕ್ಟರ ನಗು, ಸಾಲ ಕೊಟ್ಟವನ ನಗು. ಅದನ್ನು ಕೇಳಿ ನಕ್ಕವರನ್ನು ನಾನು ಈವರೆಗೆ ಕಂಡಿಲ್ಲ.

ಸ್ಲೇಟಿನ ವಿಷಯ ಮಾತ್ರ ಅವನಿಗೆ ಹೇಳಲಿಲ್ಲ. ನಿನಗಾದರೂ ನೆನಪಿದೆಯೋ ಇಲ್ಲವೋ, ನೀನು ಚಿಕ್ಕವಳು. ರೆಕಾರ್ಡಿಂಗಿಗೆ ಗಂಟಲು ಉಳಿಯಬೇಕೆಂದು ಅಪ್ಪ ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ ಸ್ಲೇಟು, ಬಳಪ. ‘ನೀರು.’ ‘ಸದ್ದು.’ ‘ಆಮೇಲೆ.’ ನಾನು ಏನಾದರೂ ಹೇಳಲು ಹೋದರೆ ಸ್ಲೇಟು ಎತ್ತಿ ಹಿಡಿಯುವುದು: ‘ಆಮೇಲೆ.’ ಉಳಿದದ್ದನ್ನೆಲ್ಲ ಒರೆಸಿ ಒರೆಸಿ ಬರೆಯುತ್ತಿದ್ದರು, ‘ಆಮೇಲೆ’ಯನ್ನು ಒರೆಸುತ್ತಲೇ ಇರಲಿಲ್ಲ, ಪದೇಪದೇ ಬೇಕಾಗುತ್ತಿತ್ತಲ್ಲ. ಅಪರೂಪಕ್ಕೆ ಬಾಯಿಬಿಟ್ಟ ದಿನವೂ, “ಸ್ಕೂಲಲ್ಲಿ ಏನು ಹೇಳಿಕೊಟ್ರು ಸರಿ ಹೋಗಿ ಓದ್ಕೋ.” ಪ್ರಶ್ನೆಗೂ ‘ಸರಿ’ಗೂ ನಡುವೆ ಸೊಳ್ಳೆ ತೂರುವಷ್ಟು ಸಂದಿ ಇರುತ್ತಿರಲಿಲ್ಲ. ರೆಕಾರ್ಡಿನ ಮೇಲೆ ಮಾತ್ರ ಮನೆಮನೆಯ ಮಕ್ಕಳ ಪೆಪ್ಪರಮೆಂಟು ಮಾಮ! ನಮ್ಮ ಮನೆಗೆ ಒಂದು ಪೆಪ್ಪರಮೆಂಟೂ ಬಂದದ್ದಿಲ್ಲ, ಗಂಟಲು ಕೆಡುತ್ತದೆಂದು.

ಹೋಗಲಿ. ನಿನ್ನೆ ಶನಿವಾರ ಅಪ್ಪನ ರೆಕಾರ್ಡುಗಳ ಶ್ರವಣ ಸಂಜೆ ನಡೆಯಿತು. ಸೂಜಿರಾಯನ ಗೆಳೆಯನ ಕಾಫಿ ಅಂಗಡಿ. ಗಾರೆ ಕಿತ್ತು ಇಟ್ಟಿಗೆ ಕಾಣುವಂತೆ ಮಾಡಿರುವ ಗೋಡೆ. ನಾವು ಬಾಡಿಗೆಗಿದ್ದ ಮನೆಯೂ ಹಾಗೇ ಇತ್ತು, ಆದರೆ ಅದಕ್ಕೆ ನಾವು ನಾಚಿಕೊಳ್ಳುತ್ತಿದ್ದೆವು. ಕೂರಲು ಶಿಶುವಿಹಾರದ ಪುಟ್ಟ ಕುರ್ಚಿಗಳು, ಮುಗ್ಧತೆ ಬರಲೆಂದು. ಅವುಗಳ ಮೇಲೆ ಸೊಂಟ ನೋವಿನ ವಯಸ್ಸಿನ ಜನ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಕಣ್ಣು ಮುಚ್ಚಿಕೊಂಡು, ‘ಹುಳುಕಿನ ಬಾಲ ಕೊಚ್ಚಚ್ಚಿ’ಗೆ ತಲೆದೂಗುವುದನ್ನು ನೀನು ನೋಡಬೇಕಿತ್ತು. ಎದ್ದಾಗ ಒಬ್ಬರಿಗೆ ಕುರ್ಚಿಯೂ ಜೊತೆಯಲ್ಲೇ ಎದ್ದು ಬಂತು. ನನ್ನ ಪಕ್ಕದ ಹೆಂಗಸು ಮೂಗೊರೆಸಿಕೊಂಡು, “ಈ ಅಪ್ಪನ ಮಕ್ಕಳು ಎಷ್ಟು ಪುಣ್ಯವಂತರೋ!” ಅಂದಳು. “ಹೌದಂತೆ” ಅಂದೆ.

ಕೊನೆಗೆ ‘ಮಾತಾಡು ಮರಿ’ ಹಾಕಿದರು. ಮಗುವಿನ ಜೊತೆ ಮಾತಾಡುವ ತಟ್ಟೆ ಇತ್ತಲ್ಲ, ಅದು. “ಚೆನ್ನಾಗಿದ್ದೀಯಾ ಮರಿ?” ಎಂದು ಮಾಮ ಕೇಳಿ ಸುಮ್ಮನಾಗುವುದು, ಮನೆಯಲ್ಲಿರುವ ಮಗು ಉತ್ತರ ಹೇಳುವುದು, ಆಮೇಲೆ ಮಾಮ “ಭಲೇ!” ಅನ್ನುವುದು. “ಹಾಲು ಕುಡಿದೆಯಾ?” ಖಾಲಿ. “ಜಾಣ ಮರಿ!” “ಯಾರಿಗಾದರೂ ಹೊಡೆದೆಯಾ?” ಖಾಲಿ. “ಭಲೇ ಭಲೇ, ಹಾಗೇ ಇರಬೇಕು!” ನಾನು ನಿನಗೆ ಎರಡು ಬಾರಿಸಿ ಬಂದು “ಹೂಂ, ಗುಬ್ಬಿಗೆ ಹೊಡೆದೆ” ಎಂದು ರೆಕಾರ್ಡಿಗೆ ಹೇಳುತ್ತಿದ್ದೆ, “ಹಾಗೇ ಇರಬೇಕು!” ಅನ್ನುತ್ತಿದ್ದರು ಅಪ್ಪ. ನೀನು ಅಳುತ್ತಾ ಅಮ್ಮನ ಹತ್ತಿರ ಓಡುತ್ತಿದ್ದೆ. ಉಳಿದ ದಿನ ಎಲ್ಲ ಪ್ರಶ್ನೆಗೂ ನೀನೇ ನನಗಿಂತ ಮುಂಚೆ ಬಾಯಿ ಹಾಕುತ್ತಿದ್ದೆ, ಅದನ್ನೂ ಹೇಳುತ್ತೇನೆ.

ಕಾಫಿ ಅಂಗಡಿಯಲ್ಲಿ ಮಾಮ ಕೇಳಿದರು, ಸುಮ್ಮನಾದರು. ಆ ಮುಗ್ಧ ಮಂದಿಯಲ್ಲಿ ಒಬ್ಬರಾದರೂ ಉತ್ತರ ಹೇಳಬೇಕಲ್ಲ? ಮಿಕಮಿಕ ನೋಡಿದರು. ಒಬ್ಬ ಎದ್ದು ಹೋಗಿ ತಟ್ಟೆ ನಿಂತಿದೆಯೇನೋ ಎಂದು ಬಗ್ಗಿ ನೋಡಿದ. ಇನ್ನೊಬ್ಬ ಈ ಮೌನ ಒಂದು ಧ್ಯಾನ ಎಂದ. ಚೆನ್ನಾಗಿದ್ದೀಯಾ ಎಂದು ಕೇಳಿದರೆ ಧ್ಯಾನ ಮಾಡುವ ಜನ! ಕೊನೆಯ ಪ್ರಶ್ನೆ, ಆ ಉದ್ದನೆಯದು, “ಮನಸ್ಸಲ್ಲಿ ಏನಿದೆ, ಮಾಮನ ಕಿವೀಲಿ ಹೇಳು”, ಅದರ ನಂತರದ ಖಾಲಿ ಜಾಗದಲ್ಲಿ ‘ಕಿರ್’ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಅದು ಬಂದಾಗ ಸೂಜಿರಾಯ ಹಲ್ಲುನೋವು ಬಂದವನಂತೆ ಮುಖ ಹಿಂಡಿ, “ಗೀರು ಬಿದ್ದಿದೆ ಮೇಡಂ, ತೆಗೀತೀನಿ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಅವನು ಇವನ್ನೆಲ್ಲ ಮತ್ತೆ ಹೊಸದಾಗಿ ಅಚ್ಚು ಹಾಕಿ ಹೊರತರುತ್ತಾನಂತೆ. ವಾರಸುದಾರರು ನಾವಿಬ್ಬರು, ಇಬ್ಬರ ಸಹಿಯೂ ಬೇಕಂತೆ. ಬಿಡುಗಡೆಗೆ ನೀನೇ ಬಂದು ವೇದಿಕೆಯ ಮೇಲೆ ಹಾಡಬೇಕಂತೆ: ‘ಪೆಪ್ಪರಮೆಂಟು ಮಾಮ, ಜೊತೆಗೆ ಗುಬ್ಬಿ’ ಎಂದು ತಟ್ಟೆಯ ಮೇಲೆಯೇ ಇದೆಯಲ್ಲ. ನನ್ನನ್ನು, “ಮೇಡಂ, ನೀವು ಯಾವ ಹಾಡಲ್ಲಿ ಇದೀರಿ?” ಎಂದು ಕೇಳಿದ. ನನ್ನದು ಕಾಗೆ ಗಂಟಲು, ಅಪ್ಪನೇ ಪರೀಕ್ಷೆ ಮಾಡಿ ಹೇಳಿದ್ದು ಎಂದೆ. ಪರೀಕ್ಷೆಯೆಂದರೆ ಒಂದು ಸಾಲು. ಆ ಸಾಲೂ ಪೂರ್ತಿ ಆಗಿರಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಅಜ್ಜಿ ಅಂದದ್ದಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ. ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ ಹೇಳು. ಹಲ್ಲು ಉಜ್ಜಲಿ, ಬಾಲ ಗೀಲ ಕೊಚ್ಚುವುದು ಬೇಡ.

ನಿನ್ನ ಅಕ್ಕ,
ಕಾಗೆ

ಮಾರ್ಚ್ ೨೦

ಪ್ರೀತಿಯ ಗುಬ್ಬಿ,

ನಿನ್ನ ಉತ್ತರ ಬಂದು ಎರಡು ವಾರ ದಾಟಿತು. ಅಂಚೆಯವನು ಅದನ್ನು ಬರಿಗೈಯಲ್ಲಿ ಹೇಗೆ ಹಿಡಿದು ತಂದನೋ, ಒಳಗೆಲ್ಲ ಕೆಂಡ. “ಅಕ್ಕಾ, ನಿಂಗೆ ಮೊದಲಿಂದ್ಲೂ ಹೊಟ್ಟೆಕಿಚ್ಚು” ಎಂದಿದ್ದೀಯ. “ನಾನು ಹಾಡಿದ್ದು ಜನ ಕೇಳಬಾರದು, ಅಷ್ಟೇ ನಿಂಗೆ” ಎಂದಿದ್ದೀಯ. “ಮಕ್ಕಳಿಗೆ ಹೊಸ ಬಟ್ಟೆ ಹೊಲಿಸಿಬಿಟ್ಟಿದೀನಿ, ಈಗ ಇವರಿಗೆ ಏನಂತ ಹೇಳಲಿ” ಎಂದೂ ಇದೆ. ಬಟ್ಟೆ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು, ಅದಕ್ಕೆ ಅಪ್ಪನೇ ಬೇಕೆಂದಿಲ್ಲ. ಉಳಿದದ್ದಕ್ಕೆ ಉತ್ತರ ಬರೆಯಲು ತಡವಾಯಿತು, ಸಿಟ್ಟಿನಿಂದಲ್ಲ. ನಾಲ್ಕು ಸಲ ಕೂತೆ, ನಾಲ್ಕು ಸಲವೂ ಪ್ರಾಸ ಬಂದುಬಿಟ್ಟಿತು. ಪ್ರಾಸ ಬಂದರೆ ನಾನು ಏನೋ ಮುಚ್ಚಿಡುತ್ತಿದ್ದೇನೆಂದು ಅರ್ಥ, ನಿನಗೆ ಗೊತ್ತೇ ಇದೆ.

ಸೂಜಿರಾಯ ನಿನಗೆ ಹೇಳಿದಂತೆ ನಾನು ಸಹಿ ಹಾಕದೇ ಇರುವುದು ನಿಜ. ಯಾಕೆಂದು ಕೇಳು. ನಡುವೆ ಬಾಯಿ ಹಾಕಬೇಡ.

ಸೂಜಿರಾಯ ಎಲ್ಲ ತೊಳೆದು ಇಸ್ತ್ರಿ ಮಾಡಿಟ್ಟಿದ್ದೇನೆ, ಬನ್ನಿ ಎಂದು ಕರೆದ. ಹೋದೆ. ಮೂರನೆಯ ಮಹಡಿಯಲ್ಲಿ ಅವನ ಕೋಣೆ. ಗೋಡೆಗೆಲ್ಲ ದುಬಾರಿ ಸ್ಪಂಜು ಅಂಟಿಸಿದ್ದಾನೆ, ಅಪ್ಪನ ಕಂಬಳಿಗಳ ಮೊಮ್ಮಕ್ಕಳು. ಎರಡೆರಡು ಪರದೆ. ಒಂದರ ಮೇಲೆ ಅಪ್ಪನ ಮಾತು ಚಿತ್ರವಾಗಿ ಮೂಡಿತ್ತು. ಮಾತಿದ್ದ ಕಡೆ ಗುಡ್ಡ, ಮಾತಿಲ್ಲದ ಕಡೆ ನೆಟ್ಟಗೆ ಗೆರೆ.

“ಮೊದಲು ಹೀಗಿತ್ತು ಮೇಡಂ” ಎಂದು ಗೆರೆಗಳನ್ನು ಬೆರಳಲ್ಲಿ ತೋರಿಸಿದ. “ಇಲ್ಲಿ, ಇಲ್ಲಿ, ಇಲ್ಲಿ ಎಲ್ಲಾ ಡೆಡ್. ಏನೂ ಇಲ್ಲ. ಈಗಿನ ಮಕ್ಕಳು ಕಾಯಲ್ಲ, ಎದ್ದು ಹೋಗ್ತಾರೆ. ಅದಕ್ಕೆ ಕತ್ತರಿಸಿ ಜೋಡಿಸಿಬಿಟ್ಟೆ. ಜಾಗಾನೂ ಉಳೀತು, ಇನ್ನೊಂದು ಹಾಡು ಹಿಡಿಸ್ತು. ನಿಮ್ಮ ತಂಗೀದೇ.”

ಹೌದು ತಾಯಿ, ಆ ಉಳಿದ ಜಾಗಕ್ಕೆ ನಿನ್ನ ‘ಆನೆ ಮದುವೆ’ ಬಂದು ಕೂತಿದೆ. ನಿನ್ನನ್ನು ಬೈಯುತ್ತಿಲ್ಲ, ನೀನು ಕೇಳಿಕೊಂಡು ಹೋದದ್ದಲ್ಲ.

“ಆ ಗೀರು ಇತ್ತಲ್ಲ, ಕಿರ್ ಅಂತ? ಅದೂ ಹೋಯ್ತು” ಅಂದ. ಮೆಡಲು ಕೊಡುತ್ತೇನೆಂದು ಕಾಯುತ್ತಿದ್ದವನ ಹಾಗೆ ಎದೆ ಮುಂದೆ ಮಾಡಿ ನಿಂತ.

ಆಮೇಲೆ ಹಾಕಿ ಕೇಳಿಸಿದ. ಗುಬ್ಬಿ, ಹೇಗಿತ್ತು ಗೊತ್ತೇ? “ಚೆನ್ನಾಗಿದ್ದೀಯಾ ಮರಿ ಭಲೇ ಹಾಲು ಕುಡಿದೆಯಾ ಜಾಣ ಮರಿ ಯಾರಿಗಾದರೂ ಹೊಡೆದೆಯಾ ಭಲೇ ಭಲೇ ಹಾಗೇ ಇರಬೇಕು ಮನಸ್ಸಲ್ಲಿ ಏನಿದೆ ಮಾಮನ ಕಿವೀಲಿ ಹೇಳು ಓಹೋ ಅಷ್ಟೇ ತಾನೇ ನಾನಿದ್ದೀನಿ ಬಿಡು.” ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ. ಟಿಕೆಟ್ ಕೌಂಟರಿನ ಗುಮಾಸ್ತ ಸಹ ಚಿಲ್ಲರೆ ಎಣಿಸಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ.

“ಹೇಗಿದೆ ಮೇಡಂ?”

“ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೇ ಇರೋರನ್ನ ನೀವು ಏನಂತೀರಿ?” ಎಂದು ಕೇಳಿದೆ.

“ಸ್ಮಾರ್ಟ್?” ಅಂದ.

ನನಗೆ ನಗು ಬರಲಿಲ್ಲ. “ಖಾಲಿ ಜಾಗ ಇದ್ದ ಹಾಗೇ ವಾಪಸ್ ಇಡಿ. ಕಿರ್ ಸಹಿತ” ಅಂದೆ.

“ಅಯ್ಯೋ ಮೇಡಂ, ಖಾಲಿ ಅಂದ್ರೆ ಖಾಲಿ. ಅದರಲ್ಲಿ ಏನೂ ಇಲ್ಲ!”

“ಏನೂ ಇಲ್ಲದ್ದನ್ನ ತೆಗೆಯೋಕೆ ಇಷ್ಟು ಒದ್ದಾಡಿದ್ದು ಯಾಕೆ?”

“ನಿಮ್ಮ ತಂಗಿ ಅವರು ಕೇಳಿ ತುಂಬಾ ಖುಷಿಪಟ್ರು, ಸಹಿ ಹಾಕಿ ಕಳಿಸಿದಾರೆ. ನೀವು ಯಾಕೋ ಸ್ವಲ್ಪ...”

“ಅವಳು ಹಾಡಿದವಳಪ್ಪಾ. ಅವಳ ಮೇಲೆ ಕತ್ತರಿ ಆಡಿಲ್ಲ.”

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಕೈಗವಸು ಒಂದೊಂದೇ ಬೆರಳಾಗಿ ಕಳಚಿದ. ಕಳೆದ ಕಾಲವನ್ನು ಕಾಪಾಡಲು ಬಂದ ಮಹಾನುಭಾವ! ನಲವತ್ತು ವರ್ಷ ಡ್ರಮ್ಮಿನ ಮುಚ್ಚಳವಾಗಿದ್ದರೂ ಹಾಳಾಗದ್ದನ್ನು ನಾಲ್ಕು ವಾರದಲ್ಲಿ ಹಾಳು ಮಾಡಿದ, ಅದೂ ಕೈಗೆ ಬಟ್ಟೆ ಸುತ್ತಿಕೊಂಡು. ಧೂಳು ಬಂದರೆ ಸಹಿಸಿಯಾನು, ಮೌನ ಬಂದರೆ ಮೈ ಕಡಿತ. ನೋಡು, ಮತ್ತೆ ಪ್ರಾಸ ಹತ್ತಿರ ಹತ್ತಿರ ಬರುತ್ತಿದೆ.

ಅವನ ಹೊಸ ತಟ್ಟೆಯ ‘ಮಾತಾಡು ಮರಿ’ಯನ್ನು ನನ್ನ ಫೋನಿಗೂ ಹಾಕಿಕೊಟ್ಟಿದ್ದ, ಮನೆಯಲ್ಲಿ ನೆಮ್ಮದಿಯಾಗಿ ಕೇಳಿ ಮನಸ್ಸು ಬದಲಾಯಿಸಲಿ ಎಂದು. ಅಮ್ಮನಿಗೆ ಕೇಳಿಸಿದೆ. ಅವಳು ತಲೆ ಓರೆ ಮಾಡಿ ಪೂರ್ತಿ ಕೇಳಿ, “ಹಾಂ! ಈಗ ನೋಡು, ಥೇಟು ಅವರ ಥರಾನೇ ಇದೆ” ಅಂದಳು. ಅಂದು, ಎದ್ದು ಹೋಗಿ ಬಟ್ಟೆ ಮಡಿಸಲು ಕೂತಳು. ನಾನು ಫೋನು ಹಿಡಿದುಕೊಂಡು ಅಲ್ಲೇ ಕೂತಿದ್ದೆ.

ಗುಬ್ಬಿ, ನಾನು ಏನೂ ದೊಡ್ಡ ಕಲಾಭಿಮಾನಿಯಲ್ಲ. ಅಪ್ಪನ ಪದ್ಯಗಳು ಕಳಪೆಯಾಗಿದ್ದವು, ಈಗಲೂ ಕಳಪೆಯೇ, ಹೊಸ ಅಚ್ಚು ಹಾಕಿದರೂ ಕಳಪೆಯೇ. ನಾನು ಬರೆಯುವುದು ಅದಕ್ಕಿಂತ ಕಳಪೆ, ಅದೇ ರಕ್ತ ತಾನೇ. ಆದರೆ ಕಾರ್ಡಿನಲ್ಲಿ ಹೆಸರು ಬರೆಯಲೆಂದು ಒಂದು ಸಾಲಿನಷ್ಟು ಜಾಗ ಬಿಡುತ್ತೇವಲ್ಲ, ಅಲ್ಲಿಗೂ ಒಂದು ಹೂವು ತಂದು ಕೂರಿಸಿದರೆ ಆ ಕಾರ್ಡು ಯಾರಿಗೂ ಕೊಡಲು ಬರುವುದಿಲ್ಲ. ನಮ್ಮ ಪ್ರೆಸ್ಸಿನ ಯಜಮಾನರಿಗೆ ಸಹ ಇದು ತಿಳಿದಿದೆ, ಅವರಿಗೆ ತಿಳಿಯದ ವಿಷಯಗಳ ಪಟ್ಟಿ ಬಹಳ ಉದ್ದ. ನಾನು ಸೂಜಿರಾಯನಿಗೆ ಹೇಳಿದ್ದು ಇಷ್ಟೇ: ಜಾಗ ವಾಪಸು ಬಂದ ದಿನ ಸಹಿ. ಬಾರದಿದ್ದರೆ ಇಲ್ಲ. ನಿನ್ನ ಹಾಡು ಬೇಕಾದರೆ ಬೇರೆ ತಟ್ಟೆಯಲ್ಲಿ ಹಾಕಲಿ, ಅದಕ್ಕೆ ಈಗಲೇ ಸಹಿ ಮಾಡುತ್ತೇನೆ. ಎರಡು ತಟ್ಟೆ ಮಾಡಲು ಕೈಲಾಗದು ಎಂದು ಗೊಣಗಿದ. ಕತ್ತರಿಸಲು ಮಾತ್ರ ಕೈ ಎಷ್ಟು ಚುರುಕು!

ಅವನು ನಿನಗೆ ಮತ್ತೆ ಫೋನು ಮಾಡಿ, ಅಕ್ಕನಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಬೇಡಿಕೊಳ್ಳುತ್ತಾನೆ. ನೀನು ಹೇಳಿದರೆ ನಾನು ಹಾಕಿಯೇ ಬಿಡುತ್ತೇನೆಂದು ಅವನಿಗೆ ಅನುಮಾನ ಬಂದಿದೆ. ಅನುಮಾನ ಸರಿಯಾದದ್ದೇ. ನೀನು “ಹಾಕಕ್ಕಾ” ಎಂದರೆ ಹಾಕುತ್ತೇನೆ. ಮಕ್ಕಳ ಬಟ್ಟೆ ಹಾಳಾಗುವುದು ಬೇಡ. ಹೇಳುವ ಮುಂಚೆ ಕೆಳಗಿನದನ್ನು ಓದು.

ನಿನ್ನ ಗಂಟಲು ಇನ್ನೂ ಹಾಗೇ ಇದೆಯೆಂದು ಅಮ್ಮ ಹೇಳುತ್ತಿದ್ದಳು. ಇರಲಿ. ವೇದಿಕೆ ಹತ್ತಿದರೆ ಚೆನ್ನಾಗಿ ಹಾಡು, ನಾನು ಪುಟ್ಟ ಕುರ್ಚಿಯ ಮೇಲೆ ಕೂತು ಚಪ್ಪಾಳೆ ತಟ್ಟುತ್ತೇನೆ, ಸೊಂಟ ಹೋದರೂ ಪರವಾಗಿಲ್ಲ. ಮಕ್ಕಳು ನೂರು ಕಾಲ ಬಾಳಲಿ. ಅವರು ಮಾತಾಡುವಾಗ ಮುಗಿಸಲು ಬಿಡು.

ನಿನ್ನ ಅಕ್ಕ,
ಕಾಗೆ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಆಗಲಿಲ್ಲ.

‘ಮಾತಾಡು ಮರಿ’ ರೆಕಾರ್ಡು ಮಾಡಿದ ದಿನ ನೀನು ನಿನ್ನ ಹಾಡು ಮುಗಿಸಿ ಗೋದಾಮಿನ ಮೂಲೆಯ ಕಂಬಳಿಗಳ ಮೇಲೆ ನಿದ್ದೆ ಹೋಗಿದ್ದೆ. ಖಾಲಿ ಜಾಗ ಎಷ್ಟು ಬಿಡಬೇಕೆಂದು ಅಪ್ಪನಿಗೆ ಹೊಳೆಯಲಿಲ್ಲ. ಗಡಿಯಾರ ನೋಡಿದರು, ಬೆರಳು ಮಡಿಸಿದರು, ಸರಿಬರಲಿಲ್ಲ. ಮಕ್ಕಳು ಉತ್ತರ ಹೇಳಲು ಎಷ್ಟು ಹೊತ್ತು ಬೇಕೆಂದು ಅವರು ಯಾವತ್ತು ಕಂಡಿದ್ದರು ಪಾಪ. ಕೊನೆಗೆ ಮೂರು ಕಾಲಿನ ಸ್ಟೂಲು ಎಳೆದು, ನನ್ನನ್ನು ಅದರ ಮೇಲೆ ತಮ್ಮ ಎದುರಿಗೆ ನಿಲ್ಲಿಸಿದರು. “ನಾನು ಕೇಳ್ತೀನಿ, ನೀನು ಉತ್ತರ ಹೇಳು. ತುಟಿ ಮಾತ್ರ ಆಡಿಸು. ಸದ್ದು ಬಂತೋ, ತಟ್ಟೆ ಹಾಳು” ಅಂದರು. ನಾನು ತುಟಿ ಆಡಿಸಿದೆ. ನನ್ನ ತುಟಿ ನಿಂತಾಗ ಅಪ್ಪ “ಭಲೇ” ಅಂದರು. ಆ ರೆಕಾರ್ಡಿನಲ್ಲಿ ನೀನು ಹಾಡಿನಲ್ಲಿದ್ದೀಯ, ನಾನು ಖಾಲಿ ಜಾಗದಲ್ಲಿದ್ದೇನೆ.

ಕೊನೆಯ ಪ್ರಶ್ನೆಗೆ ಅಪ್ಪ ನಿಜವಾಗಿಯೂ ಬಗ್ಗಿ ಕಿವಿ ಕೊಟ್ಟರು. ಅಷ್ಟು ಹತ್ತಿರದಿಂದ ಅವರ ಕಿವಿಯನ್ನು ನಾನು ನೋಡಿರಲಿಲ್ಲ, ಅಂಚಿನಲ್ಲಿ ಒಂದು ಮಚ್ಚೆ ಇತ್ತು. ನಾನು ತುದಿಗಾಲಲ್ಲಿ ನಿಂತೆ. ಸ್ಟೂಲು ‘ಕಿರ್’ ಎಂದಿತು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ, ಕಿವಿಯೂ ಕದಲಲಿಲ್ಲ. ಆಗ ಹೇಳಿದೆ, ಸದ್ದಿಲ್ಲದೆ, ಬರಿಯ ಉಸಿರಿನಲ್ಲಿ: “ಅಪ್ಪಾ, ನಂಗೂ ಹಾಡೋಕೆ ಬರುತ್ತೆ. ಆವತ್ತು ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲ. ಪೂರ್ತಿ ಒಂದು ಸಲ ಕೇಳಿ ಅಪ್ಪಾ.” ಅಷ್ಟೂ ಹೇಳಿದೆ. ಅದಕ್ಕೇ ಆ ಜಾಗ ಉಳಿದವುಗಳಿಗಿಂತ ಉದ್ದ. ಅವರಿಗೆ ಕೇಳಿಸಿರಲಾರದು, ಕೇಳಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೆ ನನ್ನ ಉಸಿರು ಮುಗಿಯುವ ತನಕ ಕಾದರು. ಆಮೇಲೆ ಮೈಕಿನ ಕಡೆ ತಿರುಗಿ, “ಓಹೋ, ಅಷ್ಟೇ ತಾನೇ? ನಾನಿದ್ದೀನಿ ಬಿಡು” ಅಂದರು.

ಅಪ್ಪ ನನ್ನ ಮಾತು ಮುಗಿಯುವ ತನಕ ಕಾದದ್ದು ಅದೊಂದು ಸಲ. ಸೂಜಿರಾಯ ಡೆಡ್ ಎಂದು ಕತ್ತರಿಸಿದ್ದು ಅದನ್ನು.

ಅಮ್ಮನ ಟ್ರಂಕಿನಲ್ಲಿದ್ದ ನಮ್ಮ ಹಳೆಯ ತಟ್ಟೆಯನ್ನು ಎರಡು ದಿಂಬಿನ ಕವರಿನಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ಯಾರದಾದರೂ ಪ್ಲೇಯರು ಇಸಿದುಕೊಂಡು ಹಾಕು. ಹೊಸ ಬಟ್ಟೆ ತೊಡಿಸಿಯೇ ಮಕ್ಕಳನ್ನು ಎದುರಿಗೆ ಕೂರಿಸಿಕೋ. ಚೆನ್ನಾಗಿದ್ದೀಯಾ ಎಂದಾಗ ಅವರು ಹೇಳಲಿ, ಹಾಲು ಕುಡಿದೆಯಾ ಎಂದಾಗ ನೀನು ಹೇಳು, ಹೊಡೆದೆಯಾ ಎಂದಾಗ ಎಲ್ಲರೂ ಸೇರಿ ಕೂಗಿ. ಕೊನೆಯದು ಬಂದು ‘ಕಿರ್’ ಎಂದು ಕೇಳಿಸಿದಾಗ ಮಾತ್ರ ಸ್ವಲ್ಪ ಹೊತ್ತು ಯಾರೂ ಬಾಯಿ ಹಾಕಬೇಡಿ. ಅದು ನನ್ನ ಸರದಿ.